ಕಪಾಟಿಗೆ ಒಂದೇ ಬಾಗಿಲು

ಹೊರನಾಡಿನ ಕನ್ನಡ ಮನೆಗಳಲ್ಲಿ ಜನವರಿ ಬಂತೆಂದರೆ ಪಂಚಾಂಗದಲ್ಲಿಲ್ಲದ ಒಂದು ವ್ರತ ಶುರುವಾಗುತ್ತದೆ: ಬಟ್ಟೆಯ ಕಪಾಟು ಖಾಲಿ ಮಾಡುವ ವ್ರತ. ಸಂಕಲ್ಪ ಹೊಸ ವರ್ಷದ ದಿನ, ಉದ್ಯಾಪನೆ ಆ ವಾರದ ಶನಿವಾರ. ಕಪಾಟಿನಲ್ಲಿದ್ದದ್ದೆಲ್ಲ ಮಂಚದ ಮೇಲೆ ಬಂದು ಗುಡ್ಡೆಯಾಗಿ, ರಾತ್ರಿ ಮಲಗಲು ಜಾಗವಿಲ್ಲದ ಕಾರಣಕ್ಕೆ ಮತ್ತೆ ಕಪಾಟಿಗೇ ಹೋಗುವುದು ಅದರ ಫಲ. ಈ ಸೋಲಿಗೆ ಕಾರಣ ಹುಡುಕುವವರು ಮನೆಯಾಕೆಯ ಸ್ವಭಾವದ ಕಡೆ ಬೆರಳು ತೋರಿಸುತ್ತಾರೆ. ಆಸೆ ಹೆಚ್ಚು, ಕೊಳ್ಳುವ ಚಟ, ಬಿಡುವ ಮನಸ್ಸಿಲ್ಲ, ಇತ್ಯಾದಿ. ಇದು ಅನ್ಯಾಯದ ತೀರ್ಪು. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯಿಂದ ಹೋಗಿ ಡಲ್ಲಾಸಿನಲ್ಲೋ ಲಂಡನ್ನಿನಲ್ಲೋ ನೆಲೆಸಿದ ಸಂಸಾರಗಳನ್ನೇ ತೆಗೆದುಕೊಳ್ಳಿ. ಅವರ ಕಪಾಟು ತುಂಬಿರುವುದು ಒಳಗೆ ಬರುವುದು ಹೆಚ್ಚಾಗಿ ಅಲ್ಲ, ಹೊರಗೆ ಹೋಗುವ ದಾರಿಗಳೆಲ್ಲ ಊರಲ್ಲೇ ಉಳಿದುಬಿಟ್ಟದ್ದರಿಂದ. ಆಲಮಟ್ಟಿ ಅಣೆಕಟ್ಟೆಗೆ ಮಳೆಗಾಲದಲ್ಲಿ ನೀರು ಬರುವುದು ಯಾರ ತಪ್ಪೂ ಅಲ್ಲ. ಅದಕ್ಕೆಂದೇ ಅಲ್ಲಿ 26 ಗೇಟುಗಳಿವೆ. ಒಂದನ್ನೂ ತೆಗೆಯದೆ ಕೂತು, ಕೃಷ್ಣೆಗೆ ಆಸೆ ಹೆಚ್ಚಾಗಿದೆ ಎಂದು ಬೈದರೆ ಆಗುತ್ತದೆಯೇ?

ಮೊದಲು ಊರಿನ ಲೆಕ್ಕ ನೋಡೋಣ. ಸಿಂದಗಿಯ ಒಂದು ಸಾಧಾರಣ ಮನೆಗೂ ಮದುವೆ, ಬಸುರಿಯ ಕುಬಸ, ತೊಟ್ಟಿಲು, ವಾಸ್ತುಶಾಂತಿ ಎಂದು ವರ್ಷವಿಡೀ ಆಯಾರದ ಅರಿವಿ, ಅಂದರೆ ಉಡುಗೊರೆಯ ಬಟ್ಟೆ, ಬರುತ್ತಲೇ ಇರುತ್ತದೆ. 1997ರಲ್ಲಿ ವಿಜಯಪುರದಿಂದ ಒಡೆದು ಬಾಗಲಕೋಟೆ ಬೇರೆ ಜಿಲ್ಲೆಯಾದಾಗ ಇಳಕಲ್ಲೂ ಗುಳೇದಗುಡ್ಡವೂ ಆ ಪಾಲಿಗೆ ಹೋದವು ನಿಜ. ಆದರೆ ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಯಾರೂ ಗಡಿ ಹಾಕಲಿಲ್ಲ. ಇಷ್ಟೆಲ್ಲ ಬಂದರೂ ಅಲ್ಲಿಯ ತಿಜೋರಿ ಒಡೆದುಹೋಗುವುದಿಲ್ಲ, ಏಕೆಂದರೆ ಬಂದದ್ದು ನಿಲ್ಲುವುದಿಲ್ಲ. ಮನಸ್ಸಿಗೆ ಬಾರದ ಸೀರೆ ಮುಂದಿನ ಮದುವೆಯಲ್ಲಿ ಇನ್ನೊಬ್ಬರಿಗೆ ಆಯಾರವಾಗುತ್ತದೆ. ಮನಸ್ಸಿಗೆ ಬಂದ ಸೀರೆಯನ್ನು ನಾದಿನಿ ಬಂದು ಮುಟ್ಟಿ ನೋಡಿ, “ಭಾಳ ಛಲೋ ಅದ ನೋಡ ವೈನಿ” ಎಂದರೆ ಅದರ ಕಥೆ ಅಲ್ಲಿಗೆ ಮುಗಿಯಿತು; ಕೊಡದೆ ಬದುಕುವುದು ಕಷ್ಟ. ಉಟ್ಟು ಹಳೆಯದಾದದ್ದು ಹೊಲದ ಕೆಲಸಕ್ಕೆ, ಇನ್ನೂ ಹಳೆಯದಾದದ್ದು ಪದರ ಸೇರಿಸಿ ಹೊಲಿಯುವ ಕೌದಿಗೆ. ತೊಳೆದು ತೊಳೆದು ಮೆತ್ತಗಾದ ಅಜ್ಜನ ಧೋತರವನ್ನು ಹುಟ್ಟಿದ ಕೂಸಿಗೆ ಸುತ್ತುತ್ತಾರೆ. ಹೊಸ ಬಟ್ಟೆ ಅದರ ಮೈಗೆ ಚುಚ್ಚುತ್ತದೆ. ಉಳಿದದ್ದಕ್ಕೆ, ಹಳೇ ಸೀರೆ ತೂಗಿ ನೋಡಿ ಸ್ಟೀಲಿನ ಡಬ್ಬಿ ಕೊಡುವ ಹೆಂಗಸು ಓಣಿಗೆ ಬರುತ್ತಾಳೆ. ಜರಿಯಂಚಿನ ಸೀರೆಗೆ ಮುಚ್ಚಳವಿರುವ ಡಬ್ಬಿ, ಪಾಲಿಸ್ಟರಿಗೆ ಒಂದು ವಾಟಗಾ, ಪ್ಯಾಂಟಿಗೆ ಬರೀ ಮುಖ ತಿರುಗಿಸುವಿಕೆ. ಆಕೆಗೂ ಬೇಡವಾದದ್ದು ಒಲೆಯ ಮೇಲಿನ ಬೋಗುಣಿ ಇಳಿಸುವ ಅರಿವಿಯಾಗಿ, ನೆಲ ಒರೆಸಿ, ಕೊನೆಗೆ ಎತ್ತಿನ ಗಾಡಿಯ ಕೀಲಿಗೆ ಎಣ್ಣೆ ಸವರಿ ಕಣ್ಮರೆಯಾಗುತ್ತದೆ. ಇಷ್ಟು ದಾರಿಗಳಿರುವ ಊರಿನಲ್ಲಿ ಕಪಾಟು ಖಾಲಿ ಮಾಡುವುದು ಹೇಗೆಂದು ಪುಸ್ತಕ ಬರೆಯುವ ದರ್ದು ಯಾರಿಗೂ ಬೀಳಲಿಲ್ಲ.

ಹೊರದೇಶದಲ್ಲಿ ಇರುವುದು ಒಂದೇ ದಾರಿ, ದಾನದ ಪೆಟ್ಟಿಗೆ. ಅಮೆರಿಕದ ಗುಡ್‌ವಿಲ್ ಸಂಸ್ಥೆ 1902ರಿಂದ ಈ ಕೆಲಸ ಮಾಡುತ್ತಿದೆ, ಬ್ರಿಟನ್ನಿನಲ್ಲಿ ಆಕ್ಸ್‌ಫ್ಯಾಮ್ ಅಂಗಡಿಗಳಿವೆ. ಕೋಟು, ಜೀನ್ಸು, ಸ್ವೆಟರಿನ ಮಟ್ಟಿಗೆ ಇವು ಪುಣ್ಯದ ಜಾಗಗಳೇ. ಆದರೆ ಕೆಂಪು ರೇಷ್ಮೆಯ ಮೇಲೆ ಬಿಳಿ ಟೋಪಿ ತೆನೆ ಎದ್ದ ಇಳಕಲ್ ಸೆರಗನ್ನು ಅಲ್ಲಿಯ ಕೆಲಸದವರು ಬಿಚ್ಚಿ ನೋಡಿದಾಗ ಅವರಿಗೆ ಕಾಣುವುದು ಆರು ಗಜದ ಪರದೆ. ಕಿಟಕಿಯ ಅಳತೆ ಕೂಡದಿದ್ದರೆ ಮೇಜಿನ ಹಾಸು. ಇದನ್ನು ಯೋಚಿಸಿದ ಮುದ್ದೇಬಿಹಾಳದ ಮಗಳು ಪೆಟ್ಟಿಗೆಯ ಬಾಯಿತನಕ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರೆ ಅದನ್ನು ಜಿಪುಣತನ ಎನ್ನಲಾಗದು. ಪೆಟ್ಟಿಗೆಗೆ ಹಾಕಿದ ಬಟ್ಟೆಯೆಲ್ಲ ಬಡವರ ಮೈಗೇ ಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಲೆಕ್ಕದಂತೆ 2018ರಲ್ಲಿ ಆ ದೇಶದಲ್ಲಿ ಸುಮಾರು 1.7 ಕೋಟಿ ಟನ್ ಜವಳಿ ಕಸ ಹುಟ್ಟಿತು, ಅದರಲ್ಲಿ 1.13 ಕೋಟಿ ಟನ್ ನೇರ ಮಣ್ಣಿನ ಗುಂಡಿಗೆ ಹೋಯಿತು. ದಾನ ಕೊಟ್ಟು ಮಾರಾಟವಾಗದೆ ಉಳಿದದ್ದರಲ್ಲಿ ದೊಡ್ಡ ಪಾಲು ಮೂಟೆಯಾಗಿ ಹಡಗು ಹತ್ತುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ ಇಂಥ ಪರದೇಶದ ಹಳೇ ಉಣ್ಣೆ ಬಟ್ಟೆಯನ್ನು ಹರಿದು, ನೂಲು ತೆಗೆದು, ಅಗ್ಗದ ಕಂಬಳಿ ನೇಯುವ ಉದ್ಯಮವೇ ಇದೆ. ಅಂದರೆ ಗ್ರೀನ್ ಕಾರ್ಡಿಗಾಗಿ ವರ್ಷಗಟ್ಟಲೆ ಸಾಲಿನಲ್ಲಿ ನಿಂತು ಊರಿಗೆ ಹೋಗಲಾರದವನ ಸ್ವೆಟರು ಅವನಿಗಿಂತ ಮೊದಲೇ ಭಾರತ ಸೇರಿರಬಹುದು, ವೀಸಾ ಮುದ್ರೆಯ ಗೊಡವೆಯಿಲ್ಲದೆ.

ಇಲ್ಲಿಗೆ ಮರಿಯೆ ಕೊಂಡೊ ಅವರನ್ನು ಕರೆಯಲೇಬೇಕು. ಜಪಾನಿನ ಈ ತಾಯಿ 2011ರಲ್ಲಿ ಪುಸ್ತಕ ಬರೆದು, 2019ರಲ್ಲಿ ನೆಟ್‌ಫ್ಲಿಕ್ಸಿಗೆ ಬಂದು, ಪ್ರತಿಯೊಂದು ಬಟ್ಟೆಯನ್ನೂ ಕೈಯಲ್ಲಿ ಹಿಡಿದು ಮನಸ್ಸು ಅರಳುತ್ತದೆಯೇ ನೋಡಿ, ಇಲ್ಲದಿದ್ದರೆ ಧನ್ಯವಾದ ಹೇಳಿ ಕಳಿಸಿ ಎಂದರು. ನಮ್ಮ ಕಡೆಯವರೂ ಸೀರೆಗೆ ಕೈ ಮುಗಿಯುತ್ತಾರೆ, ಕುಂಕುಮ ಹಚ್ಚುತ್ತಾರೆ. ಆದರೆ ಉಡುವ ಮೊದಲು, ಕಳಿಸುವಾಗ ಅಲ್ಲ. ಅದಿರಲಿ, ತೊಡಕಿರುವುದು ಮನಸ್ಸು ಅರಳುವ ಪರೀಕ್ಷೆಯಲ್ಲೇ. ವಿಜಯಪುರ ಸೀಮೆಯ ಕಪಾಟಿನಲ್ಲಿ ಮನಸ್ಸು ಮುದುಡಿಸುವ ಸೀರೆಗಳೇ ಹೆಚ್ಚು ಭದ್ರವಾಗಿರುತ್ತವೆ. ದೊಡ್ಡ ಸೊಸೆಗೆ ಶುದ್ಧ ರೇಷ್ಮೆ ತಂದ ಸೋದರತ್ತೆ ಸಣ್ಣ ಸೊಸೆಗೆ ಚಮಕಾ ಎಂಬ ನಕಲಿ ರೇಷ್ಮೆ ತಂದರೆ, ಆ ಎರಡನೆಯ ಸೀರೆ ಉಡಲು ಬಂದದ್ದಲ್ಲ, ಸಾಕ್ಷಿಯಾಗಿ ಇಡಲು ಬಂದದ್ದು. ವ್ಯಾಜ್ಯ ಇನ್ನೂ ನಡೆಯುತ್ತಿರುವಾಗ ಸಾಕ್ಷಿಯನ್ನು ದಾನದ ಪೆಟ್ಟಿಗೆಗೆ ಹಾಕಿ ಬರಲು ಯಾವ ವಕೀಲನೂ ಹೇಳಲಾರ. ಅಂದಹಾಗೆ ಮೂರು ಮಕ್ಕಳಾದ ಮೇಲೆ, ಮನೆ ಒಪ್ಪವಾಗಿಡುವುದನ್ನು ತಾನೂ ಹೆಚ್ಚುಕಡಿಮೆ ಕೈಬಿಟ್ಟಿರುವುದಾಗಿ ಕೊಂಡೊ ಅವರೇ 2023ರಲ್ಲಿ ಒಪ್ಪಿಕೊಂಡರು. ಅಷ್ಟರಲ್ಲಿ ನಮ್ಮ ಎಷ್ಟೋ ಗಂಡಂದಿರು ಆ ಪುಸ್ತಕ ಕೊಂಡು ಹೆಂಡತಿಯ ಹುಟ್ಟುಹಬ್ಬಕ್ಕೆ ಕೊಟ್ಟಾಗಿತ್ತು. ಅದೂ ಈಗ ಕಪಾಟಿನಲ್ಲೇ ಇದೆ.

ಇನ್ನೊಂದು ಪ್ರಸಿದ್ಧ ಸೂತ್ರ, ಒಂದು ವರ್ಷ ಮೈಗೇರದ ಬಟ್ಟೆಯನ್ನು ತೆಗೆದುಬಿಡಿ ಎಂಬುದು. ವರ್ಷಕ್ಕೆ ನಾಲ್ಕು ಋತು ಎಂದುಕೊಂಡ ನಾಡಿನಲ್ಲಿ ಇದು ಸರಿಯಾದ ಲೆಕ್ಕ. ಆದರೆ ನಮ್ಮ ಉಡುಗೆಯ ಚಕ್ರ ವರ್ಷದ ಮೇಲೆ ತಿರುಗುವುದಿಲ್ಲ. ಮಗಳು-ಅಳಿಯನಿಗೆ ಅರಿವಿ ಮಾಡುವ ಅಧಿಕ ಮಾಸ ಬರುವುದೇ ಸುಮಾರು 33 ತಿಂಗಳಿಗೊಮ್ಮೆ. 2023ರಲ್ಲಿ ಬಂದದ್ದು ಮತ್ತೆ 2026ಕ್ಕೆ. ಕುಬಸಕ್ಕೆ ಉಡಿಸಿದ, ಕಸೂತಿಯ ಗೋಪುರ, ತೇರು ತುಂಬಿದ ಕಪ್ಪು ಚಂದ್ರಕಾಳಿ ಸೀರೆಯನ್ನು ಪ್ರತಿ ವರ್ಷ ಉಡಬೇಕೆಂದರೆ ಜನಸಂಖ್ಯೆಯ ಗತಿಯೇನು? ವರ್ಷದ ಸೂತ್ರ ಹಿಡಿದರೆ ಮೊದಲು ಹೊರಗೆ ಬೀಳುವುದು ಇಂಥವೇ, ಅಂದರೆ ಬೆಲೆಯಲ್ಲೂ ನೆನಪಿನಲ್ಲೂ ಉಳಿಯಬೇಕಾದವು. ಉಳಿಯುವುದು ದಿನಾ ಹಾಕುವ ನೈಟಿ.

ಹಾಗಾದರೆ ಬರುವುದನ್ನೇ ತಡೆಯಬಾರದೇ ಎಂದು ಕೇಳುವವರಿದ್ದಾರೆ. ಊರಿಗೆ ಹೋದಾಗ ನಯವಾಗಿ ಬೇಡ ಎಂದರಾಯಿತು. ಹೀಗೆ ಹೇಳುವವರು ಇಂಡಿಯ ಒಬ್ಬ ಚಿಕ್ಕವ್ವನನ್ನೂ ಎದುರಿಸಿದವರಲ್ಲ. “ಯವ್ವಾ, ಬ್ಯಾಡ ಅನಬ್ಯಾಡ, ಬರೇ ಒಂದ ಜಂಪರ್ ಪೀಸ್” ಎಂದು ಉಡಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿಯೊಡನೆ ಹಾಕಿದ್ದನ್ನು ತಿರುಗಿ ಕೊಡುವ ವಿದ್ಯೆಯನ್ನು ಯಾರೂ ಕಲಿಸಿಲ್ಲ, ಕಲಿಸಲೂಬಾರದು. ಆಯಾರ ಎನ್ನುವುದು ಬರೀ ಪ್ರೀತಿಯಲ್ಲ, ಪಕ್ಕಾ ಲೆಕ್ಕ. ಮದುವೆ ಮಂಟಪದಲ್ಲಿ ಒಬ್ಬರು ನೋಟುಬುಕ್ಕು ಹಿಡಿದು ಯಾರಿಂದ ಏನು ಬಂತೆಂದು ಬರೆಯುತ್ತ ಕೂತಿರುತ್ತಾರೆ. ಅದನ್ನು ಒಂದು ದಿನ ಅಷ್ಟೇ ತೂಕದಲ್ಲಿ ತಿರುಗಿಸಬೇಕು. ಬೇಡ ಎಂದರೆ ಸಾಲಕ್ಕೆ ಹೆದರಿದಂತೆಯೂ ಆಯಿತು, ಸಂಬಂಧ ಮುರಿದಂತೆಯೂ ಆಯಿತು. ಜಂಪರ್ ಪೀಸನ್ನು ಹೊಲಿಸುವ ಉದ್ದೇಶ ಕೊಟ್ಟವರಿಗೂ ಇರಲಿಲ್ಲ, ಪಡೆದವರಿಗೂ ಇಲ್ಲ. ಅದು ಕೈಯಿಂದ ಕೈಗೆ ಓಡಾಡಬೇಕು, ಅಷ್ಟೇ. ವಿಮಾನ ಹತ್ತಿ ನ್ಯೂಜೆರ್ಸಿಗೆ ಬಂದ ಜಂಪರ್ ಪೀಸು ನಿಂತುಬಿಡುತ್ತದೆ. ಮುಂದೆ ಕೊಡೋಣವೆಂದರೆ ಪಕ್ಕದ ಮನೆಯಾಕೆಗೆ ಉಡಿಯೇ ಇಲ್ಲ. ಪ್ಯಾಂಟಿನ ಜೇಬಿಗೆ ಎಷ್ಟು ತುಂಬಲಾದೀತು?

ಬಸವಣ್ಣ ಹುಟ್ಟಿದ ನೆಲದವರು ಹೀಗೆ ಕೂಡಿಡುವುದು ಸರಿಯೇ ಎಂದು ಬಾಗೇವಾಡಿಯವರನ್ನು ಚುಚ್ಚುವುದುಂಟು. ಚುಚ್ಚುವವರು ದಾಸೋಹದ ಇನ್ನೊಂದು ತುದಿಯನ್ನು ಮರೆಯುತ್ತಾರೆ. ಮುದನೂರಿನ ನೇಕಾರ ದಾಸಿಮಯ್ಯ ತಾನು ನೇಯ್ದ ಬಟ್ಟೆಯನ್ನು ಜಂಗಮನ ವೇಷದಲ್ಲಿ ಬಂದ ಶಿವನಿಗೆ ಕೊಟ್ಟ, ಅವನು ಅದನ್ನು ಹರಿದು ಚಿಂದಿ ಮಾಡಿದರೂ ಸಿಟ್ಟಾಗಲಿಲ್ಲ, ತವನಿಧಿ ಪಡೆದ ಎಂಬ ಕಥೆಯಿದೆ. ದಾಸಿಮಯ್ಯನ ದೊಡ್ಡತನ ದೊಡ್ಡದೇ. ಆದರೆ ಬೇಡುವವನು ಎದುರಿಗೇ ಬಂದದ್ದೂ ಕಥೆಯ ಭಾಗ. ಡಲ್ಲಾಸಿನ ಬಾಗಿಲಿಗೆ ಬರುವವನು ಅಮೆಜಾನಿನ ಹುಡುಗ, ಅವನು ತರುವವನೇ ಹೊರತು ಒಯ್ಯುವವನಲ್ಲ.

ಅಪವಾದ ಹೊತ್ತ ಸೀರೆ ನಿಜಕ್ಕೂ ಎಷ್ಟು ಜಾಗ ತಿನ್ನುತ್ತದೆ ಎಂಬುದನ್ನು ಯಾರೂ ಅಳೆದು ನೋಡುವುದಿಲ್ಲ. ಆರು ಗಜ ಮಡಿಚಿದರೆ ಒಂದು ನೋಟುಬುಕ್ಕಿನಷ್ಟು. ಊರಿಂದ ಬರುವಾಗ ಇಂಡಿ ನಿಂಬೆಯ ಉಪ್ಪಿನಕಾಯಿ ಭರಣಿಯನ್ನು ಸುತ್ತಿಕೊಂಡು ಬಂದು, ಖಡಕ್ ರೊಟ್ಟಿ ಮುರಿಯದಂತೆ ಕಾಪಾಡಿ, 23 ಕಿಲೊ ಸೂಟ್‌ಕೇಸಿನಲ್ಲಿ ಪಡೆದ ಜಾಗದ ಬಾಡಿಗೆಯನ್ನು ದಾರಿಯಲ್ಲೇ ತೀರಿಸಿರುತ್ತದೆ. ಅದೇ ಕಪಾಟಿನ ಅರ್ಧವನ್ನು ಆಳುವುದು ಚಳಿಗಾಲದ ಜಾಕೆಟ್ಟುಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಸೀಮೆಯವರು ಚಳಿಯ ಮೇಲೆ ನಂಬಿಕೆಯಿಲ್ಲದೆ ಮೊದಲ ವರ್ಷ ತೆಳ್ಳಗಿನದು, ಎರಡನೆಯ ವರ್ಷ ಹೆದರಿ ದಪ್ಪನೆಯದು, ಮೂರನೆಯ ವರ್ಷ ರಿಯಾಯಿತಿಯಲ್ಲಿ ಇನ್ನೊಂದು ಕೊಳ್ಳುತ್ತಾರೆ. ಒಂದೊಂದೂ ಹತ್ತು ಇಳಕಲ್ ಸೀರೆಗಳ ಜಾಗದಲ್ಲಿ ಹೊಟ್ಟೆ ಬಿಟ್ಟು ನೇತಾಡುತ್ತದೆ. ಅದರ ಕೆಳಗಿನ ಖಾನೆ ಯಜಮಾನರದು. ಅಲ್ಲಿರುವುದು ಪುಕ್ಕಟೆ ಟೀ ಶರ್ಟು: ಕಂಪನಿಯ ಪಿಕ್‌ನಿಕ್ಕಿನದು, ಐದು ಕಿಲೋಮೀಟರ್ ಓಟದ್ದು (ಓಡಿದ್ದು ಅರ್ಧ), ಕನ್ನಡ ಕೂಟದ ಸ್ವಯಂಸೇವಕರದು, ಎಂದೋ ಮುಳುಗಿದ ಕಂಪನಿಯ ಉದ್ಘಾಟನೆಯದು. ಇವನ್ನು ಆಯಾರ ಮಾಡಲಾಗದು, ಕೌದಿಗೆ ಹೊಂದವು, ಊರಲ್ಲಿ ಕೊಟ್ಟರೆ ತೋಟದ ಬೆದರುಗೊಂಬೆಗೂ ಮರ್ಯಾದೆ ಹೋದೀತು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ 2015ರ ನವೆಂಬರ್ 14ರಂದು ಬಸವಣ್ಣನ ಪುತ್ಥಳಿ ಅನಾವರಣವಾಗಿದೆ. ಬಸವ ಜಯಂತಿಗೆ ಅಲ್ಲಿಗೆ ಹೋಗಲು ಕಪಾಟಿನಿಂದ ಹೊರಬರುವುದು ಇಳಕಲ್ಲೇ, ಟೀ ಶರ್ಟಲ್ಲ. ಮೇಲೆ ಓವರ್‌ಕೋಟು ಹಾಕಿದ್ದರಿಂದ ಸೆರಗು ಯಾರಿಗೂ ಕಾಣದು ಎಂಬುದು ನಿಜ. ಆದರೆ ಫೋಟೊಗೆ ನಿಲ್ಲುವ ಅರ್ಧ ನಿಮಿಷ ಕೋಟು ತೆಗೆದು ಗಂಡನ ಕೈಗೆ ಕೊಡುತ್ತಾರೆ; ವರ್ಷದಲ್ಲಿ ಆ ಕೋಟಿಗೆ ಸಲ್ಲುವ ನ್ಯಾಯವಾದ ಸ್ಥಾನ ಅದೊಂದೇ.

ಆದ್ದರಿಂದ ಮಾಡಬೇಕಾದದ್ದು ಮನಸ್ಸು ಗಟ್ಟಿ ಮಾಡಿಕೊಳ್ಳುವುದಲ್ಲ, ಗೇಟು ತೆಗೆಯುವುದು. ಕನ್ನಡ ಕೂಟಗಳು ದೀಪಾವಳಿ ಕಾರ್ಯಕ್ರಮದಲ್ಲಿ ಹದಿನಾರು ಬಾಲಿವುಡ್ ಕುಣಿತಗಳಲ್ಲಿ ಎರಡನ್ನು ಬಿಟ್ಟು, ಆ ಹೊತ್ತಿಗೆ ಸೀರೆ ಅದಲುಬದಲಿಗೆ ಒಂದು ಮೇಜು ಹಾಕಿದರೆ ಅರ್ಧ ಕೆಲಸ ಮುಗಿಯಿತು. ಅಲ್ಲಿಗೆ ಬರುವವರಿಗೆ ಟೋಪಿ ತೆನೆ ಗೊತ್ತು, ಪರದೆ ಮಾಡುವುದಿಲ್ಲ. ನಾದಿನಿಯ ಪಾತ್ರಕ್ಕೂ ಜನ ಸಿಗುತ್ತಾರೆ. ಇನ್ನರ್ಧಕ್ಕೆ ಊರಿಂದ ಬರುವ ತಾಯಿಯೇ ಬೇಕು. ಮಗಳಿಗೆ ಸೀರೆಯ ಮೇಲೆ ಕತ್ತರಿ ಆಡಿಸುವ ಅಧಿಕಾರವಿಲ್ಲ, ಆಡಿಸಿದರೆ ಪಾಪಭೀತಿ. ಅಧಿಕಾರವಿರುವವರು ಆರು ತಿಂಗಳ ವೀಸಾದ ಮೇಲೆ ಬಾಣಂತನಕ್ಕೆ ಬಂದು, ಹೀಟರಿನ ಮುಂದೆ ಕೈಗೆ ಕೆಲಸವಿಲ್ಲದೆ ಕೂತಿರುತ್ತಾರೆ. ಅವರ ಮುಂದೆ ಗುಡ್ಡೆ ಹಾಕಿದರೆ ಸಾಕು: “ಇದೇನ ಉಡ್ತೀ ಇನ್ನ, ತಾ ಇಲ್ಲಿ” ಎಂದು ಒಂದು ಮಧ್ಯಾಹ್ನದಲ್ಲಿ ತೀರ್ಪು ಕೊಟ್ಟು, ಕೌದಿಗೆ ದಾರ ಪೋಣಿಸುತ್ತಾರೆ. ಅತ್ತೆ-ಸೊಸೆ ವ್ಯಾಜ್ಯದ ಸಾಕ್ಷಿಯೂ ಅದರ ನಡುವಿನ ಪದರಕ್ಕೆ ಹೋಗಿ, ರಾಜಿಯಾದಂತೆ ಮಲಗುತ್ತದೆ. ಕೌದಿಗೆ ಜಾಗವೆಲ್ಲಿ ಎಂಬ ಪ್ರಶ್ನೆಗೂ ಉತ್ತರವಿದೆ. ಅದು ಮಂಚದ ಮೇಲಿರುತ್ತದೆ, ಅದರಿಂದಾಗಿ ಮೇಲಿನ ಖಾನೆಯನ್ನು ಪೂರ್ತಿ ಆಕ್ರಮಿಸಿದ್ದ ಎರಡನೆಯ ಕಂಫರ್ಟರ್ ಯಾವ ಸಂಕಟವೂ ಇಲ್ಲದೆ ಗುಡ್‌ವಿಲ್ಲಿಗೆ ಹೋಗಬಹುದು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿದ ಕವಂದಿ ಎಂಬ ಕೌದಿಗಳನ್ನು ಅಮೆರಿಕದ ವಸ್ತುಸಂಗ್ರಹಾಲಯದಲ್ಲಿ ಗೋಡೆಗೆ ತೂಗಿ ತೋರಿಸಿದ್ದಾರೆ. ಪಕ್ಕದ ಮನೆಯಾಕೆ ಕೌದಿ ನೋಡಿ ಬೆಲೆ ಕೇಳಿದರೆ ಆಶ್ಚರ್ಯಪಡಬಾರದು.

ಬರುವ ತಾಯಿ ಇನ್ನೂ ಹತ್ತು ಸೀರೆ ತರುತ್ತಾಳಲ್ಲ ಎಂಬುದು ಕೊನೆಯ ಆಕ್ಷೇಪ. ತರಲಿ. ಅವಳು ಹಿಂತಿರುಗುವಾಗಲೂ ಸಾಮಾನ್ಯವಾಗಿ 23 ಕಿಲೊದ ಸೂಟ್‌ಕೇಸಿಗೆ ಅವಕಾಶವಿರುತ್ತದೆ. ಬಾದಾಮಿ, ಚಾಕೊಲೇಟು, ನೋವಿನ ಮುಲಾಮು ತುಂಬುವ ಬದಲು ಉಡದ ಸೀರೆ, ಹೊಲಿಸದ ಖಣಗಳನ್ನು ತುಂಬಿ ಕಳಿಸಿದರೆ ಅವು ಇಂಡಿ, ಸಿಂದಗಿಯ ಮದುವೆಗಳಲ್ಲಿ ಮತ್ತೆ ಓಡಾಡಲು ಶುರುಮಾಡುತ್ತವೆ. ಒಂದೇ ಮುನ್ನೆಚ್ಚರಿಕೆ ಸಾಕು. ಯಾವ ಸೀರೆ ಯಾರು ಕೊಟ್ಟದ್ದು ಎಂದು ಚೀಟಿಯಲ್ಲಿ ಬರೆದು ಮಡಿಕೆಯೊಳಗೆ ಇಡಬೇಕು, ಇಲ್ಲದಿದ್ದರೆ ಚಿಕ್ಕವ್ವನ ಸೀರೆ ಚಿಕ್ಕವ್ವನಿಗೇ ಆಯಾರವಾದೀತು. ಉಡಿ ತುಂಬುವ ಮೊದಲು ಆ ಚೀಟಿಯನ್ನು ತೆಗೆಯುವ ಕೆಲಸವನ್ನು ಮಾತ್ರ ಮನೆಯ ಗಂಡಸರಿಗೆ ಒಪ್ಪಿಸಬಾರದು.