ಮೂರನೇ ಮಹಡಿಯಲ್ಲಿ ಸನ್ಮಾನ

(ವಿಶ್ವವಿದ್ಯಾಲಯವೊಂದರ ಕ್ಯಾಂಟೀನು. ಡಿಸೆಂಬರ್ 3, ವಿಶ್ವ ಅಂಗವಿಕಲರ ದಿನ ಹತ್ತಿರ ಬಂದಿದೆ. ಅಂದರೆ ಕರುಣೆ ಉಕ್ಕುವ ಕಾಲ.)

ಕಾರ್ಯದರ್ಶಿ: ಅಕ್ಕಾ, ನಿಮ್ಮನ್ನ ನೋಡಿದ್ರೇನೇ ನಮಗೆಲ್ಲ ಸ್ಫೂರ್ತಿ!

ಗಾಲಿಕುರ್ಚಿಯ ವಿದ್ಯಾರ್ಥಿನಿ: ನಾನೇನ್ ಮಾಡ್ದೆ? ಉಪ್ಪಿಟ್ಟು ತಿಂದೆ ಅಷ್ಟೆ.

ಕಾರ್ಯದರ್ಶಿ: ಒಬ್ರೇ ತಿಂದ್ರಲ್ಲ! ನಿಮಗೆ ಸನ್ಮಾನ ಇಟ್ಕೊಂಡಿದೀವಿ. ಶಾಲು, ಹಾರ, ಹಣ್ಣಿನ ಬುಟ್ಟಿ. ಮೂರನೇ ಮಹಡಿ ಸಭಾಂಗಣ.

ವಿದ್ಯಾರ್ಥಿನಿ: ಲಿಫ್ಟು ಕೆಟ್ಟಿದೆಯಲ್ಲಪ್ಪ.

ಕಾರ್ಯದರ್ಶಿ: ನಾಲ್ಕು ಹುಡುಗ್ರು ಎತ್ಕೊಂಡ್ ಬರ್ತಾರೆ. ಫೋಟೋ ಸಕ್ಕತ್ತಾಗಿ ಬರುತ್ತೆ!

ವಿದ್ಯಾರ್ಥಿನಿ: ಇಳಿಸೋರು?

ಕಾರ್ಯದರ್ಶಿ: ಅದು... ಕಾರ್ಯಕ್ರಮ ವಂದನಾರ್ಪಣೆಗೇ ಮುಗಿಯುತ್ತೆ.

ವಿದ್ಯಾರ್ಥಿನಿ: ಹೋಗ್ಲಿ. ಕಣ್ಣು ಕಾಣದ ನನ್ನ ಗೆಳೆಯನಿಗೆ ಪರೀಕ್ಷೇಲಿ ಉತ್ತರ ಬರ್ಕೊಡೋರು ಬೇಕು. ನಿಮ್ಮಲ್ಲಿ ಯಾರಾದ್ರೂ?

ಕಾರ್ಯದರ್ಶಿ: ಛೆ, ಅವತ್ತೇ ಜಾಗೃತಿ ಜಾಥಾ! ಅಂದಹಾಗೆ, ಅವನದು ಶೇಕಡ 5ರ ಮೀಸಲು ಸೀಟಲ್ವಾ? ಪುಣ್ಯವಂತ ಬಿಡಿ.

ವಿದ್ಯಾರ್ಥಿನಿ: ಅದಲು ಬದಲು ಮಾಡ್ಕೊಳ್ತೀಯಾ?

ಕಾರ್ಯದರ್ಶಿ: (ಬೆವರು ಒರೆಸಿಕೊಳ್ಳುತ್ತಾ) ದೇವರು ಒಂದು ಕಿತ್ಕೊಂಡ್ರೆ ಇನ್ನೊಂದು ಕೊಡ್ತಾನೆ, ಅಕ್ಕಾ.

ವಿದ್ಯಾರ್ಥಿನಿ: ದೇವರನ್ನ ಬಿಡು. ಸರ್ಕಾರದ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, ನಮ್ಮಂಥೋರು ಓಡಾಡೋ ಹಾಗೆ ಮಾಡೋಕೆ ಹಳೇ ಸಾರ್ವಜನಿಕ ಕಟ್ಟಡಗಳಿಗೂ ಐದು ವರ್ಷದ ಗಡುವು ಹಾಕಿತ್ತು. ಅದೂ ಮುಗೀತು. ಸನ್ಮಾನ ನೆಲಮಹಡೀಲಿ ಇಡಿ.

ಕಾರ್ಯದರ್ಶಿ: ಅಲ್ಲಿ ಎ.ಸಿ. ಇಲ್ಲ, ಅಕ್ಕಾ. ಅತಿಥಿಗಳಿಗೆ ತೊಂದ್ರೆ ಆಗುತ್ತೆ. ನೀವು ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ವಿದ್ಯಾರ್ಥಿನಿ: ಸರಿ, ಈಗ ಗ್ರಂಥಾಲಯಕ್ಕೆ ಹೋಗ್ಬೇಕು. ಅಲ್ಲಾದ್ರೂ ರ‍್ಯಾಂಪ್ ಇದೆ.

ಕಾರ್ಯದರ್ಶಿ: ಎರಡೇ ನಿಮಿಷ ಅಕ್ಕಾ, ನನ್ನ ಬೈಕು ತೆಗೀತೀನಿ.

(ಓದುಗ ಮಿತ್ರರೇ, ನಿಮ್ಮ ಬೈಕು ಎಲ್ಲಿ ನಿಂತಿದೆ, ಒಮ್ಮೆ ನೋಡಿ ಬನ್ನಿ.)