ಲಾರಿಯ ಸುಪ್ರಭಾತ

ಮಾಗಿಯ ಚಳಿಯಲ್ಲಿ ಮಡಿಕೇರಿಯ ಬೀದಿಬದಿಯಲ್ಲಿ ರಾತ್ರಿಯೆಲ್ಲ ನೆನೆದುನಿಂತ ಡೀಸೆಲ್ ಲಾರಿಯು, ಕೀಲಿಕೈ ತಿರುಹಿದೊಡನೆ ಎಚ್ಚರಗೊಳ್ಳದೆ, ಮದುವೆಮನೆಯಲ್ಲಿ ಹಾಸಿಗೆ ಬಿಡಲೊಲ್ಲದ ಸೋದರಮಾವನಂತೆ ಒಮ್ಮೆ ನರಳಿ, ಒಮ್ಮೆ ಕೆಮ್ಮಿ, ಬಿಳಿಯ ಹೊಗೆಯನ್ನುಗುಳಿ ಪುನಃ ಮೌನವ್ರತವನ್ನು ಕೈಕೊಳ್ಳುವುದುಂಟು. ಆಗ ಸುತ್ತ ನೆರೆಯುವ ಪಂಡಿತಮಂಡಳಿಯಲ್ಲಿ ಸ್ಕೂಟರಿನ ಒಡೆಯರೊಬ್ಬರು "ಸ್ಪಾರ್ಕ್ ಪ್ಲಗ್ ಒರೆಸಯ್ಯಾ" ಎಂದು ಅಪ್ಪಣೆ ಕೊಡಿಸದೆ ಇರರು. ಕಿಡಿಯ ಹಂಗೇ ಇಲ್ಲದೆ, ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ತಾಪದಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕೆಂದು ರುಡಾಲ್ಫ್ ಡೀಸೆಲ್ ಮಹಾಶಯನು 1892ರಲ್ಲಿಯೇ ಪೇಟೆಂಟಿಗೆ ಅರ್ಜಿ ಹಾಕಿದ್ದನೆಂಬ ಸಂಗತಿಯನ್ನು ಅವರ ಗಮನಕ್ಕೆ ತರುವ ಧೈರ್ಯ ಯಾರಿಗಿದೆ? ತಣ್ಣಗಿನ ಲೋಹವು ಆ ತಾಪವನ್ನೇ ಹೀರಿಬಿಡುವುದು. ಚಳಿಗೆ ಕುಗ್ಗಿದ ಬ್ಯಾಟರಿಯು ಗಟ್ಟಿಯಾದ ಇಂಜಿನ್ ಆಯಿಲಿನೊಡನೆ ಸೆಣಸಲಾರದೆ ಸೋಲುವುದು. ಹೀಟರ್ ಪ್ಲಗ್ಗು ಸುಟ್ಟಿದ್ದರಂತೂ ದೇವರೇ ಗತಿ.

ಡ್ರೈವರನು ಮಾತ್ರ ಯಾರಿಗೂ ಉತ್ತರ ಕೊಡದೆ, ಬ್ಯಾಟರಿಯ ತುದಿಗಳಲ್ಲಿ ಕಟ್ಟಿದ್ದ ಹಸಿರು ಕಿಲುಬನ್ನು ಬಿಸಿನೀರಿನಿಂದ ತೊಳೆದು, ಫಿಲ್ಟರಿನ ಮೇಲಣ ಬೋಲ್ಟನ್ನು ಸಡಿಲಿಸಿ, ಕೈಪಂಪನ್ನು ಒತ್ತತೊಡಗಿದನು. ಬುಸಬುಸನೆ ನೊರೆ ಬಂದಿತು. "ಏರ್ ಹಿಡಿದಿದೆ ಸ್ವಾಮಿ" ಎಂದು, ನೊರೆ ನಿಂತು ಡೀಸೆಲ್ ತಿಳಿಯಾಗಿ ಹರಿಯುವವರೆಗೂ ಒತ್ತಿ, ಬೋಲ್ಟು ಬಿಗಿದು, "ಬ್ಯಾಟರಿ ಕೈಕೊಟ್ಟರೆ ಒಂದಿಷ್ಟು ಹಿಂದಿನಿಂದ ನೂಕಬೇಕಾದೀತು" ಎಂದನು. ಪಂಡಿತಮಂಡಳಿಗೆ ಒಬ್ಬೊಬ್ಬರಾಗಿ ಸ್ನಾನಸಂಧ್ಯೆಯ ನೆನಪಾಯಿತು.