ತೊಕ್ಕು, ಉಂಡೆ ಮತ್ತು ಒಂದು ಕೋವಿ

ಮೂರು ಭಾಷೆಗಳು ಒಂದೇ ಅಂಗಳದಲ್ಲಿ ಆಡಿಕೊಂಡಿರುವ ಕಾಸರಗೋಡಿನಂತಹ ಸೀಮೆಯಲ್ಲಿ ಕೋವಿಯನ್ನು ಇಟ್ಟುಕೊಳ್ಳಬಯಸುವವನು ಗುರಿಯನ್ನು ಕಲಿಯುವ ಮೊದಲು ನಿಘಂಟನ್ನು ಕಲಿತಿರಬೇಕೆಂಬುದು ನನಗೆ ಮನದಟ್ಟಾದದ್ದು, ಮಗಳ ಮನೆಯಲ್ಲಿ ನಾಲ್ಕು ದಿನವಿದ್ದು ಹೋಗೋಣವೆಂದು ಸಾಗರದ ಕಡೆಯಿಂದ ನನ್ನ ಅತ್ತೆಯವರು ಘಟ್ಟವಿಳಿದು ಬಂದಿದ್ದ ಸಂದರ್ಭದಲ್ಲಿ. ನಾನು ತೋಟದಲ್ಲಿದ್ದೆ. ಪರವಾನಗಿಯ ನವೀಕರಣದ ವಿಚಾರಣೆಗೆಂದು ಬಂದ ಪೊಲೀಸಿನವರು ಜಗಲಿಯ ಕೆಳಗೆ ನಿಂತು, ಅತ್ಯಂತ ವಿನಯದಿಂದಲೇ, "ತೋಕ್ಕ್ ಎವಿಡೆ? ಉಂಡ ಎತ್ರಯುಂಡ್?" ಎಂದು ಕೇಳಿದರಂತೆ. ಮಲಯಾಳದಲ್ಲಿ ತೋಕ್ಕ್ ಎಂದರೆ ಕೋವಿ, ಉಂಡ ಎಂದರೆ ಗುಂಡು. ಆ ಭಾಷೆಯ ಗಂಧವೂ ಇಲ್ಲದ ಅತ್ತೆಯವರು, ಈ ಊರಿನ ಪೊಲೀಸರು ಇಷ್ಟು ಸಲುಗೆಯವರೇ ಎಂದು ಒಳಗೊಳಗೇ ಅಚ್ಚರಿಪಡುತ್ತ, "ತೊಕ್ಕು ನೆಲ್ಲಿಕಾಯಿಯದ್ದು ಒಂದು ಭರಣಿ ಇದೆ, ಉಂಡೆ ಮಾತ್ರ ಈಗಿಲ್ಲ, ನಾಳೆ ಬಂದರೆ ಕಟ್ಟಿಡುತ್ತೇನೆ" ಎಂದುಬಿಟ್ಟರು. ಕನ್ನಡವನ್ನು ಅರ್ಧ ಬಲ್ಲ ಆ ಮಹನೀಯರು, ಮನೆಯ ಹೆಂಗಸರೇ ರಾತ್ರಿ ಕುಳಿತು ಗುಂಡು ಕಟ್ಟುತ್ತಾರೆಂದು ಗ್ರಹಿಸಿ ಪುಸ್ತಕವನ್ನು ಹೊರತೆಗೆದದ್ದೂ, ನಾನು ಕೆಸರುಗಾಲಿನಲ್ಲಿ ಓಡಿಬಂದು ಉಭಯಭಾಷಾ ಪಂಡಿತನಾಗಿ ನಿಂತದ್ದೂ ನಮ್ಮ ಮನೆಯಲ್ಲಿ ಇಂದಿಗೂ ಊಟದ ಹೊತ್ತಿನ ಉಪಾಖ್ಯಾನವಾಗಿ ಉಳಿದಿವೆ.

ಕೋವಿಯೆಂದೊಡನೆ ನಮ್ಮವರ ಕಣ್ಣಿಗೆ ಕಟ್ಟುವುದು ಹಂದಿಯನ್ನೂ ಮಂಗನನ್ನೂ ಬೆದರಿಸುವ ಕೇಪಿನ ಕೋವಿ. ನನ್ನದು ಅಂತಹ ಕ್ಷಾತ್ರಗುಣದ ಆಯುಧವಲ್ಲ. 1959ರ ಆಯುಧ ಕಾಯಿದೆಯ 13ನೆಯ ಪ್ರಕರಣವು ಬೆಳೆಗಾವಲಿನ ಕೋವಿಯನ್ನು ಹೆಸರಿಸಿದ ಬೆನ್ನಿಗೇ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನು ಗುರಿಯ ಅಭ್ಯಾಸಕ್ಕೆಂದು ಇರಿಸಿಕೊಳ್ಳುವ ಪಾಯಿಂಟ್ ಟೂ ಟೂ ರೈಫಲನ್ನೂ ಕರುಣೆಯಿಂದ ನೆನೆದಿದೆ. ಆ ಕರುಣೆಯ ಫಲವೇ ನನ್ನದು. ಅರ್ಥಾತ್, ಕಾಗದವನ್ನು ಕೊಲ್ಲುವುದಕ್ಕೆ ಮಾತ್ರ ಅಧಿಕಾರವುಳ್ಳ ಕೋವಿ. ಕಾಡುಹಂದಿಯ ವಿಷಯದಲ್ಲಿ ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರವು 2022ರಲ್ಲಿ ಪಂಚಾಯತು ಅಧ್ಯಕ್ಷರಿಗೇ ವಹಿಸಿದ ಮೇಲಂತೂ, ನೆರೆಯವರು ಬೇಲಿಯಾಚೆಯಿಂದ, "ಎಂತ ಭಟ್ರೇ, ನಿಮ್ಮ ಕೋವಿ ಆಯುಧಪೂಜೆಗೆ ಮಾತ್ರವಾ?" ಎಂದು ಕೇಳದ ವಾರವಿಲ್ಲ. ಅದರ ಗುಂಡಿನ ತೂಕ 2.6 ಗ್ರಾಂ ಎಂದೂ, ಅದು ತಗಲಿದರೆ ಹಂದಿಗೆ ಸಿಟ್ಟು ಮಾತ್ರ ಬರುವುದೆಂದೂ ನಾನು ವಿವರಿಸಿದರೆ, ಅವರ ದೃಷ್ಟಿಯಲ್ಲಿ ಕೋವಿಯ ಜತೆಗೆ ನನ್ನ ತೂಕವೂ ಅಷ್ಟಕ್ಕೇ ಇಳಿಯುತ್ತಿತ್ತು.

ಈ ಜಾತಿಯ ತೋಟೆಗೆ ಬುಡದ ನಡುವೆ ಕೇಪಿಲ್ಲ. ಹಿತ್ತಾಳೆಯ ಅಂಚಿನ ಟೊಳ್ಳು ಮಡಿಕೆಯೊಳಗೆ ಸುತ್ತಲೂ ಸಿಡಿಮದ್ದನ್ನು ತುಂಬಿರುತ್ತಾರೆ; ಕೋವಿಯ ಮೊಳೆಯು ಆ ಅಂಚನ್ನು ಎಲ್ಲಿ ಜಜ್ಜಿದರೂ ಹೊತ್ತಿಕೊಳ್ಳಬೇಕು. 1845ರ ವೇಳೆಗೆ ಫ್ರಾನ್ಸಿನ ಫ್ಲೋಬೇರ್ ಎಂಬಾತನು ಮನೆಯೊಳಗಿನ ವಿನೋದಕ್ಕೆಂದು ಹೊಂಚಿದ ಈ ಉಪಾಯಕ್ಕೆ 1887ರಲ್ಲಿ ಅಮೆರಿಕದ ಸ್ಟೀವನ್ಸ್ ಕಂಪೆನಿಯವರು ಇಂದಿನ ರೂಪವನ್ನಿತ್ತರು. 50 ಮೀಟರು ದೂರದ ಕಾಗದದಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 10.4 ಮಿಲಿಮೀಟರು, ಎಂದರೆ ಒತ್ತೊತ್ತಾಗಿ ಇಟ್ಟ ಎರಡು ಕರಿಮೆಣಸಿನಷ್ಟು. ನನ್ನ ಹತ್ತು ಗುಂಡುಗಳಾದರೋ ಒಂದು ಹಲಸಿನ ಹಪ್ಪಳದಷ್ಟು ವಿಸ್ತಾರದಲ್ಲಿ, ಯಾರ ಹಂಗೂ ಇಲ್ಲದೆ, ಸ್ವಚ್ಛಂದವಾಗಿ ನೆಲಸುತ್ತಿದ್ದವು. ನೂರಕ್ಕೆ 71 ಅಂಕ. ದೋಷವು ಕೋವಿಯದೇ ಎಂಬಲ್ಲಿ ನನಗೆ ಲವಲೇಶವೂ ಸಂಶಯವಿರಲಿಲ್ಲ.

ಹಳೆಯ ಮನೆಯ ಒಂದು ಪಕ್ಕಾಸನ್ನು ಬದಲಿಸಹೊರಟವನಿಗೆ ಗೊತ್ತು: ಪಕ್ಕಾಸು ಹೊಸತಾದರೆ ರೀಪು ಹಳತಾಗಿ ಕಾಣುತ್ತದೆ, ರೀಪು ಹೊಸತಾದರೆ ಹಂಚು. ನಾನು ಮೊದಲು ಕೈಹಾಕಿದ್ದು ಟ್ರಿಗರಿಗೆ. ಎರಡು ಕಿಲೋ ಭಾರದ ಕೊಡವನ್ನು ಕಿರುಬೆರಳಿನಲ್ಲಿ ಎತ್ತಿದಂತೆ ಎಳೆಯಬೇಕಾಗಿದ್ದ ಅದನ್ನು ಪರವಾನಗಿಯುಳ್ಳ ಕೋವಿ ರಿಪೇರಿಯವರಲ್ಲಿಗೆ ಒಯ್ದು, ಉಸಿರು ತಗಲಿದರೆ ಬಿಡುವಂತಹ ಹೊಸತನ್ನು ಜೋಡಿಸಿ ತಂದೆ. ಮೊದಲ ದಿನ ಗುರಿಯಿಡುವುದಕ್ಕೆ ಮುಂಚೆಯೇ ಮೂರು ಗುಂಡುಗಳು ಹಾರಿಹೋಗಿ ಮಣ್ಣಿನ ದಿಬ್ಬದಲ್ಲಿ ಐಕ್ಯವಾದವು. ಕೈ ಪಳಗಿದ ಮೇಲೆ ಹಪ್ಪಳ ಕೊಂಚ ಚಿಕ್ಕದಾಯಿತು. ಆದರೆ ಅದು ಕಾಗದದ ನಡುವೆ ನಿಲ್ಲದೆ, ಮಳೆ ಬಲಿತಂತೆಲ್ಲ ಎಡಕ್ಕೆ ವಲಸೆ ಹೋಗತೊಡಗಿತು.

ಇದರ ಮರ್ಮವನ್ನು ಬಿಡಿಸಿದವನು ನಮ್ಮ ಊರಿನ ಆಚಾರಿ. ನಳಿಗೆಯು ಮರದ ಒಡಲಿಗೆ ಎಲ್ಲಿಯೂ ತಾಗದೆ ತೇಲುವಂತಿರಬೇಕು. ತಾಗಿದರೆ ಗುಂಡು ಹೊರಡುವಾಗಿನ ಕಂಪನವು ಪ್ರತಿಸಲವೂ ಬೇರೆಯಾಗಿ ಗುರಿಯು ಕದಲುತ್ತದೆ. ಒಂದು ಪಟ್ಟಿ ಕಾಗದವನ್ನು ನಡುವೆ ತೂರಿಸಿ ಕೊನೆಯವರೆಗೆ ಸರಿಸುವುದೇ ಇದರ ಪರೀಕ್ಷೆ. ಧನು ಮಾಸದಲ್ಲಿ ನಾನು ಹರಿದ ಪಂಚಾಂಗದ ಹಾಳೆಯೊಂದು ಸಲೀಸಾಗಿ ಓಡಾಡಿತ್ತು. ಆಟಿಯಲ್ಲಿ ಅದೇ ಹಾಳೆ ಅರ್ಧದಲ್ಲಿಯೇ ಸಿಕ್ಕಿಬಿತ್ತು. ಕಬ್ಬಿಣವನ್ನು ಬೀಗದೊಳಗಿಟ್ಟು ಬರಿಯ ಮರವನ್ನು ಮಾತ್ರ ಹೆಗಲಮೇಲೆ ಹೊತ್ತು ಹೋದ ನನ್ನನ್ನು ಆಚಾರಿ ಮೇಲಿಂದ ಕೆಳಗೆ ನೋಡಿದ. "ಕಡಿದ ಮೇಲೂ ಮರಕ್ಕೆ ಮಳೆ ಗೊತ್ತಾಗ್ತದೆ ಭಟ್ರೇ. ನಿಮ್ಮ ದೇವರಕೋಣೆಯ ಬಾಗಿಲು ಆಟಿಯಲ್ಲಿ ಮುಚ್ಲಿಕ್ಕೆ ಬರ್ತದಾ?" ಎಂದ. ಬರುತ್ತಿರಲಿಲ್ಲ. ಕೀಸುಳಿಯಿಂದ ನೂಲೆಳೆಯಷ್ಟು ಕೆತ್ತಿ, ಎಣ್ಣೆ ಕುಡಿಸಿ, ಕೆನ್ನೆಯೂರುವಲ್ಲಿಗೆ ಮುಟ್ಟಾಳೆಯ ಹದದಲ್ಲಿ ಅಡಕೆಯ ಹಾಳೆಯನ್ನು ಬಗ್ಗಿಸಿ ಹೊದಿಸಿಕೊಟ್ಟ. ಕ್ಲಬ್ಬಿನಲ್ಲಿ ಜರ್ಮನಿಯ ಚರ್ಮದ ಕವಚ ತೊಟ್ಟವರು ಅದನ್ನು ಕಂಡು ಮುಸಿಮುಸಿ ನಕ್ಕರು. ಅವರಲ್ಲೊಬ್ಬರು ಮರುವಾರ ನನ್ನನ್ನು ಪಕ್ಕಕ್ಕೆ ಕರೆದು, ಅಂಥದ್ದೊಂದು ತಮಗೂ ಸಿಕ್ಕೀತೇ ಎಂದು ಪಿಸುಮಾತಿನಲ್ಲಿ ವಿಚಾರಿಸಿದರು.

ಮರ ನೆಟ್ಟಗಾದ ಮೇಲೆ ಕಣ್ಣಿನ ಸರದಿ. ಸ್ಪರ್ಧೆಯಲ್ಲಿ ದುರ್ಬೀನಿಗೆ ಅವಕಾಶವಿಲ್ಲ. ಹಿಂದೆ ಒಂದು ಸೂಜಿಮೊನೆಯಂತಹ ರಂಧ್ರ, ಮುಂದೆ ಒಂದು ಉಂಗುರ, ಅದರಾಚೆ ಕರಿಯ ಬೊಟ್ಟು, ಈ ಮೂರನ್ನೂ ಕಂಕಣ ಗ್ರಹಣದಂತೆ ಒಂದರೊಳಗೊಂದು ಕೂಡಿಸಬೇಕು. ಹೊಸ ರಂಧ್ರವನ್ನು ತರಿಸಿದೆ. ಪತ್ರಿಕೆಯ ಅಕ್ಷರ ಕಾಣದ ನನ್ನ ವೃದ್ಧ ಕಣ್ಣಿಗೆ ಆ ಕಿರುಗಿಂಡಿಯಲ್ಲಿ ಎಲ್ಲವೂ ಸ್ಫುಟವಾಗಿ ಕಂಡಿತು, ಬೇಡವಾದಷ್ಟು ಸ್ಫುಟವಾಗಿ. ತೋಳಿಗೆ ಬಿಗಿದ ಪಟ್ಟಿಯ ಮೂಲಕ ನಾಡಿಯ ಬಡಿತವು ಕೋವಿಗೇರಿ, ಉಂಗುರವು ಮಿಡಿಮಿಡಿದು ಕುಣಿಯುವುದನ್ನು ನಾನು ಕಂಡದ್ದು ಆಗಲೇ. ಈ ಹಿಂದೆ ಅದು ಕುಣಿಯುತ್ತಿರಲಿಲ್ಲವೆಂದಲ್ಲ, ಕಾಣುತ್ತಿರಲಿಲ್ಲ. ಬೆಳಗಿನ ಕಾಫಿಯನ್ನು ತ್ಯಜಿಸಿದೆ. ಅದರಿಂದ ನಾಡಿ ಶಾಂತವಾಯಿತೋ ಇಲ್ಲವೋ, ಮನೆಯ ಶಾಂತಿಗಂತೂ ಭಂಗ ಬಂತು.

ಕಡೆಯದಾಗಿ ತೋಟೆ. ಗುಂಡು ಶಬ್ದದ ವೇಗವನ್ನು ಮೀರಿ ಹೊರಟರೆ, ಮರಳಿ ಆ ವೇಗಕ್ಕೆ ಇಳಿಯುವ ಹಂತದಲ್ಲಿ ತುಸು ತೂರಾಡುತ್ತದೆಂದು, ಗುರಿಯವರು ಶಬ್ದಕ್ಕಿಂತ ಮೆಲ್ಲಗೆ ಸಾಗುವುದನ್ನೇ ಆರಿಸುತ್ತಾರೆ. ಅಷ್ಟೇ ಆದರೆ ಸುಲಭವಿತ್ತು. ನಮ್ಮ ಕಾಸರಗೋಡು ಗಿಡ್ಡ ಹಸು ಒಬ್ಬಳೇ ಹೆಂಗಸಿನ ಕೈಗೆ ಮಾತ್ರ ಹಾಲು ಸುರಿಸಿ ಉಳಿದವರನ್ನು ಒದೆಯುವಂತೆ, ಒಂದೊಂದು ನಳಿಗೆಗೂ ಒಂದೊಂದು ಕಂತಿನ ತೋಟೆಯಲ್ಲಿಯೇ ಪ್ರೀತಿ. ಅದೇ ಕಂಪೆನಿಯ, ಅದೇ ಬೆಲೆಯ, ಬೇರೆ ಕಂತಿನದಾದರೆ ಮುನಿಸು. ಬಲ್ಲಿದರು ಕೋವಿಯನ್ನೇ ಬರ್ಮಿಂಗ್‌ಹ್ಯಾಮಿನ ಎಲೀ ಕಾರ್ಖಾನೆಗೆ ಒಯ್ದು, ಅದರ ಮೆಚ್ಚಿನ ಕಂತನ್ನು ಪರೀಕ್ಷಿಸಿ ಕೊಳ್ಳುತ್ತಾರಂತೆ. ನಾನು ಸಿಕ್ಕಿದ ಕಂತನ್ನೇ ಕೊಂಡು, ಸಂಬಂಧ ಕೂಡಿಬರಲೆಂದು ದೇವರಿಗೆ ಕೈಮುಗಿದೆ.

ವರ್ಷದ ಕೊನೆಯ ಸ್ಪರ್ಧೆಯಲ್ಲಿ ನನಗೆ ಬಂದದ್ದು ನೂರಕ್ಕೆ 74. ಮೂರು ಅಂಕಗಳಿಗೆ ಎಷ್ಟು ಕಿಲೋ ಚಾಲಿ ಅಡಕೆ ಸಂದಿತೆಂಬ ಲೆಕ್ಕವನ್ನು ನನ್ನ ಹೆಂಡತಿ ಬಾಯಿಯಲ್ಲಿಯೇ ಮಾಡಿದಳು. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ, 50 ಮೀಟರಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ, ಇದೇ ಪಾಯಿಂಟ್ ಟೂ ಟೂವಿನಿಂದ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆಯು ರೈಲ್ವೆಯ ಟಿಕೆಟು ಪರೀಕ್ಷಕನಾಗಿದ್ದವನೆಂದು ನಾನು ಉತ್ಸಾಹದಿಂದ ಹೇಳಿದೆ. "ಹಾಗಾದ್ರೆ ಸರಿ. ಕಾಗದಕ್ಕೆ ತೂತು ಮಾಡುವುದು ಅವರಿಗೆ ಮೊದಲೇ ಅಭ್ಯಾಸವಿತ್ತು" ಎಂದಳು.

ಹಪ್ಪಳವು ಚಕ್ಕುಲಿಯ ಗಾತ್ರಕ್ಕೆ ಇಳಿಯುತ್ತಿದ್ದ ಆ ಶುಭಕಾಲದಲ್ಲಿಯೇ ಚುನಾವಣೆ ಘೋಷಣೆಯಾಗಿ, ಪರವಾನಗಿಯ ಕೋವಿಗಳನ್ನೆಲ್ಲ ಠಾಣೆಯಲ್ಲಿ ಠೇವಣಿಯಿಡಬೇಕೆಂಬ ಆಜ್ಞೆ ಬಂತು. ಪ್ರಜಾಪ್ರಭುತ್ವಕ್ಕೆ ನನ್ನ 2.6 ಗ್ರಾಮಿನಿಂದ ಒದಗಬಹುದಾದ ಗಂಡಾಂತರವನ್ನು ಚಿಂತಿಸುತ್ತ, ಕೋವಿಯನ್ನು ಹಳೆಯ ಪಂಚೆಯಲ್ಲಿ ಸುತ್ತಿ ಹೊರಟಾಗ, ಮತ್ತೊಮ್ಮೆ ಮಗಳ ಮನೆಗೆ ಬಂದಿದ್ದ ಅತ್ತೆಯವರು ನನ್ನ ಕೈಗೆ ಒಂದು ಡಬ್ಬಿಯನ್ನಿತ್ತರು. "ಅಂದು ಪಾಪ ಬಾಯಿಬಿಟ್ಟು ಕೇಳಿದ್ದರು, ಇರಲಿಲ್ಲ" ಎಂದರು. ಎಳ್ಳುಂಡೆ, ಲೆಕ್ಕಕ್ಕೆ ಇಪ್ಪತ್ತೈದು.

ಠಾಣೆಯಲ್ಲಿ ಎಲ್ಲವೂ ಕ್ರಮಪ್ರಕಾರ ನಡೆಯಿತು. ಹೊಸ ಟ್ರಿಗರನ್ನಾಗಲಿ, ಆಚಾರಿಯ ಹಾಳೆಯನ್ನಾಗಲಿ, ಸೂಜಿಮೊನೆಯ ರಂಧ್ರವನ್ನಾಗಲಿ ಯಾರೂ ಕಣ್ಣೆತ್ತಿ ನೋಡಲಿಲ್ಲ. ತೋಕ್ಕ್ ಒಂದು, ಉಂಡ ಐವತ್ತು ಎಂದು ಮಲಯಾಳದಲ್ಲಿ ಬರೆದು ಮೊಹರೊತ್ತಿದ ರಶೀತಿಯನ್ನು ಮಡಚಿ ಕಿಸೆಗಿಳಿಸಿ, ಖಾಲಿ ಡಬ್ಬಿಯನ್ನು ಕಂಕುಳಲ್ಲಿಟ್ಟು ನಾನು ಬಸ್ಸು ಹತ್ತಿದೆ. ಉಳಿದ ಇಪ್ಪತ್ತೈದರ ಪ್ರಸ್ತಾಪ ಆ ರಶೀತಿಯಲ್ಲಿ ಎಲ್ಲಿಯೂ ಇರಲಿಲ್ಲ.